ಸೀಟು ತುಂಬಿಸಲು ನಾನು ಫ್ಲೆಕ್ಸ್ ಬಿಟ್ಟು ಫೋನ್ ಹಿಡಿದದ್ದು

ಕೇರಳದ ಗಡಿಯಲ್ಲಿರುವ ಮಂಜೇಶ್ವರ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಡ್ಮಿಶನ್ ಕೆಲಸವೂ ನನ್ನ ಪಾಲಿಗೆ ಬಂದಿದೆ. ಈಗ ಮನೆಗಳಲ್ಲಿ ಮಕ್ಕಳೇ ಕಡಿಮೆ, ಇರುವವರಲ್ಲೂ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವವರು ಜಾಸ್ತಿ. ಪ್ಲಸ್ ಟು ರಿಸಲ್ಟ್ ಬರುವ ಮೊದಲೇ ಅಲ್ಲಿನ ಕಾಲೇಜಿನವರು ಮನೆಗೆ ಫೋನ್ ಮಾಡಿರುತ್ತಾರೆ, ಬಸ್ಸು ನಿಮ್ಮ ಊರಿಗೇ ಬರುತ್ತದೆ ಎಂದೂ ಹೇಳಿರುತ್ತಾರೆ.

ನಾವೂ ದೊಡ್ಡ ಫ್ಲೆಕ್ಸ್ ಹಾಕೋಣ ಎಂದರು ಕೆಲವರು. ಸುಮ್ನೆ ದುಡ್ಡು ದಂಡ ಅನಿಸಿತು. ನಮ್ಮಲ್ಲಿ ಮಕ್ಕಳು ಅರ್ಜಿಯಲ್ಲಿ ಬೇಕಾದ ಕಾಲೇಜು, ಕೋರ್ಸುಗಳನ್ನು ಸಾಲಾಗಿ ಬರೆಯಬೇಕು, ಅದೇ ಆಪ್ಶನ್; ಅದನ್ನು ನೋಡಿ ಯೂನಿವರ್ಸಿಟಿ ಸುತ್ತು ಸುತ್ತಾಗಿ ಸೀಟು ಹಂಚುವುದು ಅಲಾಟ್‌ಮೆಂಟ್. ಹಿಂದಿನ ವರ್ಷ ನಮ್ಮ ಕಾಲೇಜಿಗೆ ಆಪ್ಶನ್ ಕೊಟ್ಟೂ ಬಾರದ ಮಕ್ಕಳ ಮನೆಗೆ ಫೋನ್ ಮಾಡಿದೆ. ಎಲ್ಲರೂ ಮಂಗಳೂರು ಬೇಕೆಂದು ಹೋದವರಲ್ಲ. "ಟೀಚರೇ, ಮೆಸೇಜ್ ಬಂದಿತ್ತು, ಏನೂಂತ ಗೊತ್ತಾಗ್ಲಿಲ್ಲ" ಎಂದರು ಒಬ್ಬ ತಾಯಿ. ಸೀಟು ಸಿಕ್ಕಿತ್ತು, ಕೊನೇ ದಿನದೊಳಗೆ ಫೀಸು ಕಟ್ಟಿರಲಿಲ್ಲ, ಅಲಾಟ್‌ಮೆಂಟ್ ಹೋಯಿತು. ಇನ್ನೊಬ್ಬ ಹುಡುಗನಿಗೆ ಬೇಕಾದ ಸೀಟೇ ಸಿಕ್ಕಿದರೂ ಅದಕ್ಕಿಂತ ಮೇಲೆ ಬರೆದ ಆಪ್ಶನ್‌ಗಳನ್ನು ರದ್ದು ಮಾಡದೆ ಬಿಟ್ಟಿದ್ದರಿಂದ, ಮುಂದಿನ ಸುತ್ತಿನಲ್ಲಿ ದೂರದ ಕಾಲೇಜಿಗೆ ಹೆಸರು ಬಂದು, ಇಲ್ಲಿಯದು ಕೈತಪ್ಪಿ, ಕೊನೆಗೆ ಮಂಗಳೂರು ಸೇರಿದ.

ಆಮೇಲಿಂದ ಪ್ರತಿ ಮೇ ತಿಂಗಳು ಕನ್ನಡ ಮಾಧ್ಯಮ ಇರುವ ಹೈಯರ್ ಸೆಕೆಂಡರಿ ಶಾಲೆಗಳಿಗೆ ಹೋಗಿ, ತಂದೆತಾಯಿಯ ಜೊತೆ ಕೂತು, ಈ ಎರಡು ವಿಷಯವನ್ನು ಕನ್ನಡದಲ್ಲಿ, ಬೇಕಾದರೆ ತುಳುವಿನಲ್ಲಿ ಬಿಡಿಸಿ ಹೇಳುತ್ತೇನೆ. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗುವ ಮೊದಲೇ ಆಪ್ಶನ್‌ಗಳನ್ನು ಕಾಗದದಲ್ಲಿ ಸಾಲಾಗಿ ಬರೆಸುತ್ತೇನೆ. ಅಲಾಟ್‌ಮೆಂಟ್ ಬಂದ ದಿನ ಸಂಜೆಯೊಳಗೆ ಒಬ್ಬೊಬ್ಬರಿಗೂ ಫೋನ್.

ಎಲ್ಲ ಕಡೆ ಕೇಳುವ ಪ್ರಶ್ನೆ ಒಂದೇ: "ನಿಮ್ಮಲ್ಲಿ ನಾಲ್ಕು ವರ್ಷ ಅಲ್ವಾ?" 2024ರಲ್ಲಿ ಕೇರಳ ನಾಲ್ಕು ವರ್ಷದ ಡಿಗ್ರಿ ಶುರು ಮಾಡಿತು, ಅದೇ ವರ್ಷ ಕರ್ನಾಟಕ ಮೂರಕ್ಕೆ ವಾಪಸ್ ಹೋಯಿತು. ಗಡಿಯಲ್ಲಿರುವ ನಮಗೆ ಇದರ ಪೆಟ್ಟು ನೇರವಾಗಿ ಬಿತ್ತು. ಇಲ್ಲೂ ಮೂರು ವರ್ಷ ಮುಗಿಸಿ ಡಿಗ್ರಿ ತೆಗೆದುಕೊಂಡು ಹೊರಗೆ ಬರಬಹುದು, ನಾಲ್ಕನೆಯದು ಆನರ್ಸ್ ಬೇಕಾದವರಿಗೆ. ಇಷ್ಟು ಹೇಳಿದರೆ ಎಷ್ಟೋ ಮನೆಯವರು ಮತ್ತೆ ಯೋಚಿಸುತ್ತಾರೆ. ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಸರ್ಕಾರ ಕೊಡುವ ಇ-ಗ್ರಾಂಟ್ಸ್ ವಿದ್ಯಾರ್ಥಿವೇತನದ ವಿಷಯವನ್ನೂ ಅಲ್ಲೇ ಹೇಳಿಬಿಡುತ್ತೇನೆ.

ನಮ್ಮಲ್ಲಿ ಇಲ್ಲದ ಕೋರ್ಸ್ ಬೇಕೆಂದವರಿಗೆ ಮಂಗಳೂರಿಗೇ ಹೋಗಿ ಎನ್ನುತ್ತೇನೆ. ಇದು ಸಹೋದ್ಯೋಗಿಗಳಿಗೆ ಅಷ್ಟು ಹಿಡಿಸಿಲ್ಲ. ಆದರೆ ಹಾಗೆ ಹೋದ ಹುಡುಗಿಯ ತಮ್ಮ ಈಗ ನಮ್ಮ ಕನ್ನಡ ಬಿಎ ತರಗತಿಯಲ್ಲಿದ್ದಾನೆ, ಅಕ್ಕನೇ ಕಳಿಸಿದ್ದು. ಫಿಸಿಕ್ಸ್ ಸೀಟು ಮಾತ್ರ ಈಗಲೂ ಖಾಲಿ ಉಳಿಯುತ್ತದೆ. ಅದಕ್ಕೆ ಪ್ಲಸ್ ಟು ಮಕ್ಕಳನ್ನು ಹಿಡಿದರೆ ತಡವಾಯಿತು. ಈ ಸಲ ಹತ್ತನೇ ತರಗತಿಯವರನ್ನೇ ನಮ್ಮ ಲ್ಯಾಬಿಗೆ ಕರೆಸುತ್ತಿದ್ದೇವೆ.