ನೂಕುವ ಗುಂಡಿಗೆ, ಎಳೆಯುವ ಎಲೆ: ತರಗತಿಯ ಮೇಜಿನ ಮೇಲಿನ ಅನುಭವ

ಹತ್ತನೇ ತರಗತಿಯ ಜೀವಕ್ರಿಯೆಗಳ ಪಾಠದಲ್ಲಿ ಪೋಷಣೆ, ಸಸ್ಯಗಳಲ್ಲಿ ಸಾಗಾಣಿಕೆ, ರಕ್ತಪರಿಚಲನೆ ಇವೆಲ್ಲ ಬೇರೆಬೇರೆ ಭಾಗಗಳಾಗಿ ಬರುತ್ತವೆ. ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಮೂರನ್ನೂ ಮಾಡಿಸುತ್ತೇನೆ: ದ್ರವವನ್ನು ಸಾಗಿಸುವ ಬಲ ಎಲ್ಲಿದೆ? ನಮ್ಮ ಮೈಯಲ್ಲಿ ಅದು ಹಿಂದಿನಿಂದ ನೂಕುತ್ತದೆ, ಗಿಡದ ನೀರು ಸಾಗಿಸುವ ಕೊಳವೆಗಳಾದ ಕ್ಸೈಲಂನಲ್ಲಿ ಮೇಲಿನಿಂದ ಎಳೆಯುತ್ತದೆ. ಇದು ಚಿತ್ರ ಬರೆಸಿದರೆ ತಲೆಗೆ ಹತ್ತುವುದಿಲ್ಲ, ಕೈಯಲ್ಲಿ ಹಿಡಿದು ನೋಡಿದರೆ ಹತ್ತುತ್ತದೆ. ಬೇಕಾದ ಸಾಮಾನೆಲ್ಲ ಬೆಂಗಳೂರಿನ ಯಾವುದೇ ಬಡಾವಣೆಯ ಕಿರಾಣಿ ಅಂಗಡಿ, ಮೆಡಿಕಲ್ ಸ್ಟೋರ್, ನರ್ಸರಿ ಮತ್ತು ಮಟನ್ ಅಂಗಡಿಯಲ್ಲಿ ಸಿಗುತ್ತದೆ.

ಮೊದಲು ಪಿಷ್ಟ. ಅದರ ಅಣು ದೊಡ್ಡದು, ಕರುಳಿನ ಗೋಡೆ ದಾಟುವುದಿಲ್ಲ. ಒಡೆದು ಸಕ್ಕರೆಯಾದ ಮೇಲೆಯೇ ರಕ್ತ ಸೇರುತ್ತದೆ. 1 ಗ್ರಾಂ ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕದಡಿ, ಕುದಿಯುವ 100 ಮಿಲಿ ನೀರಿಗೆ ಹಾಕಿ ಒಂದು ನಿಮಿಷ ತಿರುವಿ ಆರಿಸಿ. ಇದರಲ್ಲಿ 5 ಮಿಲಿಗೆ 1 ಮಿಲಿ ಜೊಲ್ಲು ಸೇರಿಸಿ, ಪ್ರನಾಳವನ್ನು 37 ಡಿಗ್ರಿಯ ನೀರಿನ ಲೋಟದಲ್ಲಿ ನಿಲ್ಲಿಸಿ. ನಿಮಿಷಕ್ಕೊಮ್ಮೆ ಒಂದು ತೊಟ್ಟು ತೆಗೆದು ಬಿಳಿ ಟೈಲ್ಸ್ ಮೇಲೆ ಅಯೋಡಿನ್‌ಗೆ ಬೆರೆಸಿ. ಪ್ರಯೋಗಾಲಯದ ಅಯೋಡಿನ್ ಇಲ್ಲದಿದ್ದರೆ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣವನ್ನೇ ತಿಳಿಕಂದು ಬಣ್ಣ ಬರುವವರೆಗೆ ನೀರು ಬೆರೆಸಿ ಬಳಸಬಹುದು. ಕಡುನೀಲಿ ಕೆಂಪುಕಂದಾಗಿ, ಕೊನೆಗೆ ಅಯೋಡಿನ್‌ನದೇ ಬಣ್ಣ ಉಳಿಯುತ್ತದೆ. ಪಕ್ಕದಲ್ಲಿ ಕುದಿಸಿ ಆರಿಸಿದ ಜೊಲ್ಲಿನ ಇನ್ನೊಂದು ಪ್ರನಾಳ ಇರಲೇಬೇಕು. ಕುದಿಸಿದಾಗ ಪಿಷ್ಟ ಒಡೆಯುವ ಕಿಣ್ವ ಕೆಡುವುದರಿಂದ ಅದು ನೀಲಿಯಾಗಿಯೇ ಇರಬೇಕು.

ಇಲ್ಲಿ ಬಹಳ ಕಡೆ ಆಗುವ ತಪ್ಪು, ಬಿಸಿ ಗಂಜಿಗೇ ಅಯೋಡಿನ್ ಹಾಕುವುದು. ಬಿಸಿಯಲ್ಲಿ ನೀಲಿ ಬಣ್ಣ ತಾನಾಗಿಯೇ ಮಾಯವಾಗುತ್ತದೆ, ಆರಿದ ಮೇಲೆ ಮರಳಿ ಬರುತ್ತದೆ. ಮಕ್ಕಳು ಅದನ್ನು ಜೀರ್ಣಕ್ರಿಯೆ ಎಂದು ಬರೆದುಬಿಡುತ್ತಾರೆ. ಎರಡನೆಯದು, ಗಂಜಿ ಗಟ್ಟಿಯಾದರೆ ತರಗತಿಯ ಅವಧಿ ಮುಗಿದರೂ ನೀಲಿ ಹೋಗುವುದಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಬೆಚ್ಚನೆ ನೀರಿಲ್ಲದೆ ಮಾಡಿದರೂ ಅಷ್ಟೇ, ಕಿಣ್ವ ನಿಧಾನವಾಗುತ್ತದೆ.

ಜೊಲ್ಲು ಬೇಡವೆನ್ನುವವರಿಗೆ ಮೊಳಕೆ ರಾಗಿ ಇದೆ. ಮೊಳಕೆ ಬರಿಸಿ ನೆರಳಲ್ಲಿ ಒಣಗಿಸಿದ ರಾಗಿಯ ಹಿಟ್ಟು 5 ಗ್ರಾಂ, ಉಗುರುಬೆಚ್ಚನೆ ನೀರು 25 ಮಿಲಿ. ಇಪ್ಪತ್ತು ನಿಮಿಷ ನೆನೆಸಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿ, ಬಂದ ತಿಳಿಯನ್ನು ಜೊಲ್ಲಿನ ಬದಲು ಹಾಕಿ. ಹುರಿದು ಮಾಡಿದ ರಾಗಿ ಮಾಲ್ಟ್ ಪುಡಿ ಕೆಲಸಕ್ಕೆ ಬರುವುದಿಲ್ಲ, ಶಾಖಕ್ಕೆ ಕಿಣ್ವ ಕೆಟ್ಟಿರುತ್ತದೆ. ನನಗೆ ಇದೇ ಹೆಚ್ಚು ಇಷ್ಟ. ನಮ್ಮ ಬಾಯಲ್ಲಿರುವಂತೆ ರಾಗಿ ಕಾಳಿನಲ್ಲೂ ಪಿಷ್ಟ ಒಡೆಯುವ ಕಿಣ್ವ ಅಮೈಲೇಸ್ ಇದೆ, ಕಾಳು ತನ್ನ ಪಿಷ್ಟವನ್ನು ಕರಗಿಸಿ ಮೊಳಕೆಗೆ ಕಳಿಸುವುದು ಅದರಿಂದಲೇ. ಪೋಷಣೆಯಿಂದ ಸಾಗಾಣಿಕೆಗೆ ದಾಟಲು ಇದಕ್ಕಿಂತ ಒಳ್ಳೆಯ ಸೇತುವೆ ನನಗೆ ಸಿಕ್ಕಿಲ್ಲ.

ಇನ್ನು ಕಾಂಡ. ಕರ್ಣಕುಂಡಲ, ಅಂದರೆ ಗೌರಿ ಹೂವಿನ ಗಿಡವೇ ಇದಕ್ಕೆ ಹೇಳಿಮಾಡಿಸಿದ್ದು. ಒಳಗೆ ಬಣ್ಣ ಏರುವುದು ಎಳೆ ಕಾಂಡದ ಹೊರಗಿನಿಂದಲೇ ಕಾಣುತ್ತದೆ. ಬಣ್ಣಕ್ಕೆ ಅಡುಗೆಯ ಕೆಂಪು ಬಣ್ಣದ ಪುಡಿ ಅರ್ಧ ಟೀ ಚಮಚ, 100 ಮಿಲಿ ನೀರಿಗೆ. ಪ್ರಯೋಗಾಲಯದ ಕೆಂಪು ಬಣ್ಣ ಇಯೋಸಿನ್ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿನದೇ ಇನ್ನೊಂದು ಕೆಂಪು ಬಣ್ಣ ಸಫ್ರನಿನ್ ಬೇಡ. ಅದರ ಅಣುವಿಗೆ ಧನ ಆವೇಶ, ಕ್ಸೈಲಂ ಗೋಡೆಗೆ ಋಣ ಆವೇಶ. ಬಣ್ಣ ಬುಡದಲ್ಲೇ ಗೋಡೆಗೆ ಅಂಟಿಕೊಂಡು ಮೇಲೇರುವುದು ತಡವಾಗುತ್ತದೆ.

ಗಿಡವನ್ನು ಗಾಳಿಯಲ್ಲಿ ಕತ್ತರಿಸಿ ತಂದರೆ ಪ್ರಯೋಗ ಅರ್ಧ ಕೆಟ್ಟಂತೆಯೇ. ಎಲೆಗಳಿಂದ ನೀರು ಆವಿಯಾಗುತ್ತಿರುವಾಗ ಕ್ಸೈಲಂನ ನೀರು ಜಗ್ಗಿದ ಸ್ಥಿತಿಯಲ್ಲಿರುತ್ತದೆ. ಕತ್ತರಿ ಬಿದ್ದ ಕ್ಷಣ ಅದು ಒಳಕ್ಕೆ ಸರಿದು, ಬಿಟ್ಟ ಜಾಗಕ್ಕೆ ಗಾಳಿ ನುಗ್ಗುತ್ತದೆ. ಗಾಳಿ ತುಂಬಿದ ಕೊಳವೆಯಲ್ಲಿ ನೀರಿನ ಎಳೆ ತುಂಡಾಗಿರುವುದರಿಂದ ಎಲೆಯ ಎಳೆತ ಬುಡ ಮುಟ್ಟುವುದಿಲ್ಲ. ಅದಕ್ಕೆ ಬಕೆಟ್ ನೀರಿನೊಳಗೆ ಕಾಂಡದ ತುದಿ ಮುಳುಗಿಸಿ, ಅಲ್ಲೇ ಮತ್ತೆ 3 ಸೆಂಟಿಮೀಟರ್ ಓರೆಯಾಗಿ ಹೊಸ ಬ್ಲೇಡಿನಿಂದ ಕತ್ತರಿಸಿ, ತುದಿ ಒಣಗಲು ಬಿಡದೆ ಬಣ್ಣಕ್ಕೆ ಸೇರಿಸಿ. ಮೊಂಡು ಕತ್ತರಿ ಕೊಳವೆಗಳನ್ನು ಜಜ್ಜಿ ಮುಚ್ಚುತ್ತದೆ.

ಒಂದೇ ದಪ್ಪದ ನಾಲ್ಕು ಕೊಂಬೆ ಇಡಿ. ಒಂದು ಹಾಗೆಯೇ, ಒಂದರ ಎಲೆಗಳನ್ನೆಲ್ಲ ಕಿತ್ತದ್ದು, ಒಂದರ ಎಲೆಗಳ ಎರಡೂ ಬದಿಗೆ ವ್ಯಾಸಲೀನ್ ಹಚ್ಚಿದ್ದು, ಒಂದಕ್ಕೆ ಒಳಗೆ ನೀರು ಚಿಮುಕಿಸಿದ ಪ್ಲಾಸ್ಟಿಕ್ ಕವರ್ ಕಟ್ಟಿದ್ದು. ಕಿಟಕಿಯ ಬಳಿ, ಫ್ಯಾನ್ ಗಾಳಿಗೆ ಇಟ್ಟು ಐದು ನಿಮಿಷಕ್ಕೊಮ್ಮೆ ಬಣ್ಣ ಏರಿದ ಎತ್ತರಕ್ಕೆ ಮಾರ್ಕರ್‌ನಿಂದ ಗುರುತು ಹಾಕಿಸಿ. ಎಲೆ ಇದ್ದು ಗಾಳಿ ತಾಗುವುದೇ ಮುಂದೆ ಹೋಗುತ್ತದೆ. ಉಳಿದವುಗಳಲ್ಲೂ ಬಣ್ಣ ಸ್ವಲ್ಪ ಏರುತ್ತದೆ. ಅದನ್ನು ಸೋಲೆಂದು ಎಣಿಸಬಾರದು. ಕತ್ತರಿಸುವಾಗ ಒಳಸರಿದ ನೀರಿನ ಜಾಗ ಮೊದಲು ತುಂಬಿಕೊಳ್ಳಬೇಕಲ್ಲ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ನಾಲ್ಕಕ್ಕೂ ವ್ಯತ್ಯಾಸ ಕಡಿಮೆ, ಮಾರ್ಚ್‌ನ ಒಣ ಹವೆಯಲ್ಲಿ ಎದ್ದು ಕಾಣುತ್ತದೆ. ಈ ಎಳೆತದ ವಿವರಣೆಯನ್ನು 1894ರಲ್ಲಿ ಕೊಟ್ಟವರು ಡಬ್ಲಿನ್‌ನ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ.

ಅಡ್ಡಸೀಳಿಕೆ ತೆಗೆಯುವ ಮುನ್ನ ಕಾಂಡ ತೊಳೆದು ಒರೆಸಿ, ಬುಡದ 1 ಸೆಂಟಿಮೀಟರ್ ಎಸೆಯಿರಿ. ಬಣ್ಣವಿಲ್ಲದ ಮೇಲ್ತುದಿಯಿಂದ ಕೆಳಕ್ಕೆ ಕತ್ತರಿಸುತ್ತ ಬನ್ನಿ. ಕೆಳಗಿನಿಂದ ಶುರು ಮಾಡಿದರೆ ಬ್ಲೇಡೇ ಬಣ್ಣವನ್ನು ಎಲ್ಲೆಡೆ ಸವರಿ, ಕಾಂಡ ಪೂರ್ತಿ ನೀರು ಸಾಗಿಸುತ್ತದೆ ಎಂಬ ತಪ್ಪು ಚಿತ್ರ ಕೊಡುತ್ತದೆ. ಸರಿಯಾಗಿ ಬಂದ ಸೀಳಿಕೆಯಲ್ಲಿ ಕೆಂಪು ಚುಕ್ಕೆಗಳು ಬಳೆಯಂತೆ ಸುತ್ತ ಕೂತಿರುತ್ತವೆ.

ಎಲೆಯ ಸಕ್ಕರೆಯನ್ನು ಸಾಗಿಸುವ ಫ್ಲೋಯಂ ಜೀವಂತ ಕೋಶಗಳದ್ದು, ಬಣ್ಣಕ್ಕೆ ಸಿಗುವುದಿಲ್ಲ. ಅದಕ್ಕೆ ನರ್ಸರಿಯವರ ಗೂಟಿ ಕಟ್ಟುವ ಕ್ರಮವೇ ಪಾಠ. ದಾಸವಾಳದ ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ 2 ಸೆಂಟಿಮೀಟರ್ ಅಗಲ ತೊಗಟೆ ಸುತ್ತಲೂ ತೆಗೆದು, ಕೆಳಗಿನ ಜಾರುವ ಪದರವನ್ನು ಕೆರೆದು, ಒದ್ದೆ ಪಾಚಿ ಇಟ್ಟು ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಕ್ಸೈಲಂ ಉಳಿದಿರುವುದರಿಂದ ಮೇಲಿನ ಎಲೆ ಬಾಡುವುದಿಲ್ಲ. ಇಳಿಯುವ ಸಕ್ಕರೆ ಮೇಲಂಚಿನಲ್ಲಿ ನಿಂತು ಅಲ್ಲೇ ಊದಿ ಬೇರು ಬಿಡುತ್ತದೆ. ಜಾರುವ ಪದರ ಕೆರೆಯದೆ ಬಿಟ್ಟರೆ ತೊಗಟೆ ಮತ್ತೆ ಕೂಡಿಕೊಂಡು ಏನೂ ಆಗುವುದಿಲ್ಲ. ಮೇಲಂಚು ಊದುವುದನ್ನು ಹದಿನೇಳನೇ ಶತಮಾನದಲ್ಲೇ ಇಟಲಿಯ ವಿಜ್ಞಾನಿ ಮಾಲ್ಪೀಗಿ ಗಮನಿಸಿದ್ದ. 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳನ್ನು ಕಂಡವನೂ ಅವನೇ.

ಗುಂಡಿಗೆಗೆ ಮಟನ್ ಅಂಗಡಿಯಲ್ಲಿ ಹಿಂದಿನ ದಿನವೇ ಹೇಳಿಡಬೇಕು: "ದಿಲ್ ಸೀಳಬೇಡಿ, ಮೇಲಿನ ನಾಳ ಬಿಟ್ಟು ಕೊಡಿ." ಹೇಳದಿದ್ದರೆ ನಾಳಗಳನ್ನು ಬುಡಕ್ಕೇ ಕತ್ತರಿಸಿ, ರಕ್ತ ಹೋಗಲೆಂದು ಸೀಳಿ ಕೊಡುತ್ತಾರೆ, ಆಮೇಲೆ ರಕ್ತ ಹಿಂದಕ್ಕೆ ಬಾರದಂತೆ ತಡೆಯುವ ಕವಾಟದ ಯಾವ ಪರೀಕ್ಷೆಯೂ ಆಗುವುದಿಲ್ಲ. ನಾಳ 3 ಸೆಂಟಿಮೀಟರ್ ಆದರೂ ಉಳಿದಿರಲಿ. ಫಾರ್ಮಲಿನ್ ಬೇಡ, ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ ಬಳಸಿ. ನೋಡಲು ಮನಸ್ಸಿಲ್ಲದ ಮಕ್ಕಳನ್ನು ಮೊದಲೇ ಕೇಳಿ, ಒತ್ತಾಯ ಮಾಡಬಾರದು.

ಮೊದಲು ಕೈಯಿಂದ ಒತ್ತಿ ನೋಡಿಸಿ. ಗಟ್ಟಿ ಇರುವ ಬದಿ ಎಡ, ಮೆತ್ತಗಿರುವುದು ಬಲ. ಚೂಪು ತುದಿ ಎಡ ಹೃತ್ಕುಕ್ಷಿಯದು, ಅಂದರೆ ರಕ್ತ ನೂಕುವ ಕೆಳಗಿನ ಕೋಣೆಯದು. ಹೆಪ್ಪುಗಟ್ಟಿದ ರಕ್ತವನ್ನು ನಲ್ಲಿ ನೀರಿನಲ್ಲಿ ತೊಳೆದು ತೆಗೆಯದಿದ್ದರೆ ಕವಾಟ ಮುಚ್ಚುವುದಿಲ್ಲ. ಆಮೇಲೆ ಶ್ವಾಸಕೋಶಕ್ಕೆ ಹೋಗುವ ನಾಳವಾದ ಪುಪ್ಪುಸ ಅಪಧಮನಿಯನ್ನು ನೆಟ್ಟಗೆ ಹಿಡಿದು ಲೋಟದಿಂದ ನೀರು ಸುರಿಯಿರಿ. ಮೂರು ತೆಳು ಜೇಬುಗಳು ಉಬ್ಬಿ ಒಂದಕ್ಕೊಂದು ತಾಗಿ ನೀರು ನಿಲ್ಲುತ್ತದೆ. ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯಲ್ಲಿ ಮಾಡಿದರೆ ಮೆಲ್ಲಗೆ ಇಳಿಯುತ್ತದೆ, ಕವಾಟ ಕೆಟ್ಟಿದೆ ಎಂದುಕೊಳ್ಳಬೇಡಿ. ಜೇಬುಗಳ ಹಿಂದೆ ಎರಡು ಸಣ್ಣ ತೂತುಗಳಿವೆ, ಗುಂಡಿಗೆಯ ಸ್ನಾಯುವಿಗೇ ರಕ್ತ ಕೊಡುವ ಕರೊನರಿ ಅಪಧಮನಿಗಳ ಬಾಯಿ; ನೀರು ಅಲ್ಲಿಂದ ಹೋಗುತ್ತದೆ. ಒಂದು ಊದುಬತ್ತಿ ಕಡ್ಡಿಯ ಮೊಂಡು ತುದಿ ತೂರಿಸಿದರೆ ದಾರಿ ಸಿಗುತ್ತದೆ.

ಎಡಬದಿಯನ್ನು ಮೇಲಿನ ಕೋಣೆಯಾದ ಹೃತ್ಕರ್ಣದಿಂದ ತುದಿಯವರೆಗೆ ಹೊರಗೋಡೆಯ ಉದ್ದಕ್ಕೆ ಸೀಳಿ. ನಡುವೆ ಅಡ್ಡಕ್ಕೆ ಎರಡು ಹೋಳು ಮಾಡಿದರೆ ಕವಾಟದ ಎಳೆಗಳು ತುಂಡಾಗುತ್ತವೆ. ತೆರೆದಾಗ ಕವಾಟದ ಅಂಚಿನಿಂದ ಕೆಳಗಿನ ಸ್ನಾಯುಗಂಟಿಗೆ ಬಿಗಿದ ಬಿಳಿ ಎಳೆಗಳು ಕಾಣುತ್ತವೆ; ಬೆರಳಿಂದ ಎಳೆದರೂ ಸುಲಭಕ್ಕೆ ಹರಿಯುವುದಿಲ್ಲ. ಕವಾಟ ಹಿಂದಕ್ಕೆ ಮಗುಚದಂತೆ ತಡೆಯುವುದು ಇವೇ. ಬಲಗುಳಿಯಲ್ಲಿ ಗೋಡೆಯಿಂದ ಗೋಡೆಗೆ ಅಡ್ಡ ಹೋಗುವ ಒಂದು ಸ್ನಾಯುಪಟ್ಟಿ ಕುರಿಯಲ್ಲಿ ಸ್ಪಷ್ಟ, ಶಾಲೆಯ ಚಿತ್ರಗಳಲ್ಲಿ ಇರುವುದಿಲ್ಲ, ಮಕ್ಕಳು ಕೇಳುತ್ತಾರೆ. ಕೊನೆಗೆ ಎರಡೂ ಗೋಡೆಗಳನ್ನು ಸ್ಕೇಲ್‌ನಿಂದ ಅಳೆಸಿ. ಎಡದ್ದು ಬಲದ ಸುಮಾರು ಮೂರು ಪಟ್ಟು. ಮನುಷ್ಯರಲ್ಲಿ ಎಡ ಹೃತ್ಕುಕ್ಷಿ ಸುಮಾರು 120 ಮಿಲಿಮೀಟರ್ ಪಾದರಸದ ಒತ್ತಡ ಹುಟ್ಟಿಸಬೇಕು, ಬಲಕ್ಕೆ 25ರಷ್ಟು ಸಾಕು, ಪಕ್ಕದ ಶ್ವಾಸಕೋಶಕ್ಕೆ ತಾನೆ ಕಳಿಸಬೇಕಾದ್ದು.

ಮಾಂಸ ಮುಟ್ಟದವರಿಗೆ ಇಂಗ್ಲೆಂಡಿನ ವೈದ್ಯ ಹಾರ್ವೆ 1628ರಲ್ಲಿ ಪ್ರಕಟಿಸಿದ ಪರೀಕ್ಷೆ ಇದೆ, ತಮ್ಮದೇ ಕೈ ಸಾಕು. ಮೊಣಕೈ ಮೇಲೆ ಟವೆಲ್ ಕಟ್ಟಿ; ಮಣಿಕಟ್ಟಿನ ನಾಡಿ ಸಿಗುತ್ತಿರಬೇಕು, ಅಷ್ಟೇ ಬಿಗಿ. ರಕ್ತವನ್ನು ಗುಂಡಿಗೆಗೆ ಮರಳಿಸುವ ಅಭಿಧಮನಿ ಉಬ್ಬಿದಾಗ ಅಲ್ಲಲ್ಲಿ ಗಂಟು ಕಾಣುತ್ತವೆ, ಅವೇ ಕವಾಟ. ಒಂದು ಗಂಟಿನ ಕೆಳಗೆ, ಮಣಿಕಟ್ಟಿನ ಕಡೆಗೆ, ಒಂದು ಬೆರಳು ಒತ್ತಿಟ್ಟು, ಇನ್ನೊಂದರಿಂದ ಗಂಟು ದಾಟುವವರೆಗೆ ಮೇಲಕ್ಕೆ ನೀವಿ ಬಿಡಿ. ನಡುವಿನ ತುಂಡು ಚಪ್ಪಟೆಯಾಗಿಯೇ ಉಳಿಯುತ್ತದೆ, ಮೇಲಿನ ರಕ್ತ ಹಿಂದೆ ಬರುವುದಿಲ್ಲ. ಕೆಳಗಿನ ಬೆರಳು ಎತ್ತಿದ ಕೂಡಲೇ ತುಂಬುತ್ತದೆ. ತೆಳ್ಳಗಿನ ಕೈಯವರಲ್ಲಿ ಚೆನ್ನಾಗಿ ಕಾಣುತ್ತದೆ. ಕಾಣದವರು ಕೈಯನ್ನು ಸ್ವಲ್ಪ ಹೊತ್ತು ಜೋತುಬಿಟ್ಟು ಬೆಚ್ಚನೆ ನೀರಲ್ಲಿ ಅದ್ದಲಿ. ಎರಡು ನಿಮಿಷಕ್ಕಿಂತ ಹೆಚ್ಚು ಕಟ್ಟಿಡಬೇಡಿ, ಕೈ ಜೋಮು ಹಿಡಿದರೆ ತಕ್ಷಣ ಬಿಚ್ಚಿ.