‘ಕ್ನಿಗ್ಟ್’ ಅಂದವಳು ಇಂಗ್ಲಿಷ್ ಸಾಹಿತ್ಯ ಓದಿದ ರೀತಿ

ಬಿ.ಎ. ಮೊದಲ ವರ್ಷ, ಹಾಸನದ ಒಂದು ಕಾಲೇಜು. ಆಪ್ಷನಲ್ ಇಂಗ್ಲಿಷ್ ಕ್ಲಾಸಿನಲ್ಲಿ ನನ್ನ ಸರದಿ ಬಂತು. ಎದ್ದು ನಿಂತು ಓದತೊಡಗಿದೆ. ಕೆ, ಎನ್, ಐ, ಜಿ, ಎಚ್, ಟಿ ಅಂತ ಒಂದು ಪದ. ಆಲೂರು ಕಡೆಯ ಕನ್ನಡ ಶಾಲೆಯಲ್ಲಿ ಓದಿದವಳು ನಾನು, ಬರೆದ ಹಾಗೆ ಓದುವುದಷ್ಟೇ ಗೊತ್ತು. ‘ಕ್ನಿಗ್ಟ್’ ಅಂದೆ. ಅದನ್ನು ‘ನೈಟ್’ ಅನ್ನಬೇಕಿತ್ತು. ಇಡೀ ಕ್ಲಾಸು ನಕ್ಕಿತು. ಕಾಂಬಿನೇಷನ್ ಬದಲಿಸಿಕೊಡಿ ಅಂತ ಅರ್ಜಿ ಬರೆದು, ಒಂದು ವಾರ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದೆ.

ಎಂ.ಎ.ಯಲ್ಲಿ ಇಂಗ್ಲಿಷ್ ಭಾಷೆಯ ಚರಿತ್ರೆ ಅಂತ ಒಂದು ಪೇಪರ್ ಇತ್ತು. 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾಲದಲ್ಲಿ ಆ ಪದದ ‘ಕ’ ಬಾಯಲ್ಲಿ ಕೇಳುತ್ತಿತ್ತು ಅಂತ ಗೊತ್ತಾಗಿದ್ದು ಆಗ. ನಡುವಿನ ಜಿಎಚ್‌ಗೂ ‘ಹ’ಕಾರಕ್ಕೆ ಹತ್ತಿರದ ಸದ್ದು ಇತ್ತಂತೆ. 1476ರ ಹೊತ್ತಿಗೆ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಕಾಗುಣಿತ ಮೆಲ್ಲಗೆ ಗಟ್ಟಿಯಾಯಿತು, ಜನರ ಬಾಯಿ ಮಾತ್ರ ಬದಲಾಗುತ್ತಲೇ ಹೋಯಿತು. ನಾನು ಓದಿದ್ದು ಪೂರ್ತಿ ತಪ್ಪೇನಲ್ಲ, ಆರು ನೂರು ವರ್ಷ ತಡವಾಗಿತ್ತು ಅಷ್ಟೇ.

ಈಗ ನಾನು ಅತಿಥಿ ಉಪನ್ಯಾಸಕಿ. ಪ್ರತಿ ಜುಲೈನಲ್ಲೂ ಅದೇ ಹೆದರಿಕೆಯ ಮುಖಗಳು ಕ್ಲಾಸಿಗೆ ಬರುತ್ತವೆ. ಅವರಿಗೆ ಮೊದಲು ಹೇಳುವುದು ಇಷ್ಟು: ಕನ್ನಡವನ್ನು ಚಪ್ಪಲಿ ಹಾಗೆ ಬಾಗಿಲ ಹೊರಗೆ ಬಿಟ್ಟು ಬರಬೇಡಿ. ಒಳಗೆ ಅದರಿಂದ ಬೇಕಾದಷ್ಟು ಕೆಲಸವಿದೆ.

ಭಾಷೆಯ ಚರಿತ್ರೆಯನ್ನೇ ತೆಗೆದುಕೊಳ್ಳಿ. ಹಳೆಯ ಸದ್ದುಗಳು ಇಂಗ್ಲಿಷಿನಂಥ ಭಾಷೆಗಳಲ್ಲಿ ಹೇಗೆ ಬದಲಾದವು ಅಂತ ಹೇಳುವ ಗ್ರಿಮ್ ನಿಯಮ ಅಂದರೆ ಎಲ್ಲರಿಗೂ ತಲೆನೋವು. ಸುಮ್ನೆ ನಿಮಗೆ ಗೊತ್ತಿರುವ ಪದಗಳನ್ನು ಇಂಗ್ಲಿಷಿನ ಪಕ್ಕ ಇಟ್ಟು ನೋಡಿ. ಪಿತೃ, ಫಾದರ್. ಪಾದ, ಫುಟ್. ದಂತ, ಟೂತ್. ಸಂಸ್ಕೃತದಲ್ಲಿ ‘ಪ’ ಇದ್ದ ಕಡೆ ಅಲ್ಲಿ ‘ಫ’, ‘ದ’ ಇದ್ದ ಕಡೆ ‘ಟ’. ಹಳಗನ್ನಡದ ಪಾಲ್ ನಮ್ಮ ಬಾಯಲ್ಲಿ ಹಾಲು ಆಯಿತಲ್ವಾ, ಅಂಥದ್ದೇ ಸಂಗತಿ. ಇದನ್ನು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿ ಬರೆದುಕೊಂಡರೆ ಆಮೇಲೆ ಬಾಯಿಪಾಠ ಬೇಕಾಗುವುದಿಲ್ಲ.

ಛಂದಸ್ಸಿನಲ್ಲಿ ಮಾತ್ರ ಕನ್ನಡ ಸ್ವಲ್ಪ ಕೈ ಕೊಡುತ್ತದೆ, ಹುಷಾರು. ‘ಶಲ್ ಐ ಕಂಪೇರ್ ದೀ ಟು ಎ ಸಮರ್ಸ್ ಡೇ’ ಅನ್ನುವ ಷೇಕ್ಸ್‌ಪಿಯರ್ ಸಾಲಿಗೆ ನಾನು ಪಿಯುಸಿಯಲ್ಲಿ ಕಲಿತ ಹಾಗೆ ಲಘು ಗುರು ಹಾಕಿದೆ. ‘ಸಮರ್ಸ್’ನಲ್ಲಿ ‘ಸ’ ಲಘು, ಮುಂದೆ ಒತ್ತಕ್ಷರ ಇರುವುದರಿಂದ ‘ಮ’ ಗುರು. ನಮ್ಮ ಲೆಕ್ಕದಲ್ಲಿ ಸರಿ, ಇಂಗ್ಲಿಷಿನಲ್ಲಿ ಪೂರಾ ಉಲ್ಟಾ. ನಾವು ಅಕ್ಷರ ಎಷ್ಟು ಹೊತ್ತು ಎಳೆಯುತ್ತದೆ ಅಂತ ಅಳೆಯುತ್ತೇವೆ. ಅವರು ಎಲ್ಲಿ ಒತ್ತಿ ಹೇಳುತ್ತಾರೆ ಅಂತ ನೋಡುತ್ತಾರೆ. ಆ ಪದದಲ್ಲಿ ಒತ್ತು ಬೀಳುವುದು ‘ಸ’ದ ಮೇಲೆ. ಇಡೀ ಸಾಲಿನಲ್ಲಿ ಹತ್ತು ತುಂಡು, ಐದು ಪೆಟ್ಟು. ಒಂದು ಹಗುರ, ಒಂದು ಭಾರ, ಹೀಗೆ ಐದು ಸಲ. ಪೆನ್ಸಿಲ್ ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಬೆರಳಿನಿಂದ ತಟ್ಟುತ್ತಾ ಓದಿ. ಕಿವಿಗೆ ಹತ್ತಿದ ಮೇಲೆ ಗುರುತು ಹಾಕಿ. ಯಾವ ಪದದಲ್ಲಿ ಎಲ್ಲಿ ಒತ್ತು ಅಂತ ಗೊತ್ತಾಗದಿದ್ದರೆ ಡಿಕ್ಷನರಿ ತೆಗೆಯಿರಿ. ಒತ್ತಿ ಹೇಳುವ ಭಾಗದ ಮುಂದೆ ಮೇಲುಗಡೆ ಒಂದು ಪುಟ್ಟ ಗೀಟು ಇರುತ್ತದೆ. ಮೂರು ವರ್ಷ ಆ ಗೀಟನ್ನು ನಾನು ಅಚ್ಚಿನ ತಪ್ಪು ಅಂದುಕೊಂಡಿದ್ದೆ!

ನಾಟಕ ಓದುವಾಗ ಪ್ರತಿ ಪದಕ್ಕೂ ಅರ್ಥ ಹುಡುಕುತ್ತಾ ಕೂತರೆ ಮೊದಲ ಅಂಕವೇ ಮುಗಿಯುವುದಿಲ್ಲ. ಒಂದು ದೃಶ್ಯ ಜೋರಾಗಿ ಓದಿ, ಆಮೇಲೆ ಮನೆಯಲ್ಲಿ ಯಾರಿಗಾದರೂ ಅದನ್ನು ಕನ್ನಡದಲ್ಲಿ ಹೇಳಿ. ಹೇಳಲು ಆಗದೆ ತಡವರಿಸಿದ ಜಾಗವೇ ನಿಮಗೆ ಅರ್ಥವಾಗದ ಜಾಗ. ನಾನು ‘ಮ್ಯಾಕ್‌ಬೆತ್’ ಕಥೆಯನ್ನು ಅಜ್ಜಿಗೆ ಹೇಳುತ್ತಿದ್ದೆ, ಅವರು ಅವರೆಕಾಯಿ ಸುಲಿಯುತ್ತಿದ್ದರು. ಗಂಡನನ್ನು ರಾಜನ ಕೊಲೆಗೆ ಹುರಿದುಂಬಿಸುವ ಲೇಡಿ ಮ್ಯಾಕ್‌ಬೆತ್, ತಾನು ಮಗುವಿಗೆ ಹಾಲೂಡಿಸಿದವಳು ಅನ್ನುವ ಮಾತು ಬಂತು. ಅಜ್ಜಿ ಕೈ ನಿಲ್ಲಿಸಿದರು. ‘ಅಲ್ಲ ಕಣವ್ವ, ಆ ದೊರೆಸಾನಿಗೆ ಮಕ್ಕಳೆಷ್ಟು?’

ನನಗೆ ನಗು ಬಂತು. ಆಮೇಲೆ ನೋಡಿದರೆ ಎಲ್.ಸಿ. ನೈಟ್ಸ್ ಅನ್ನುವ ವಿಮರ್ಶಕರು 1933ರಲ್ಲಿ ಬರೆದ ಹೆಸರಾಂತ ಪ್ರಬಂಧದ ತಲೆಬರಹವೇ ಆ ಪ್ರಶ್ನೆ. ನಾಟಕದ ಪಾತ್ರಗಳನ್ನು ಪಕ್ಕದ ಮನೆಯವರ ಹಾಗೆ ವಿಚಾರಿಸುವವರನ್ನು ಅವರು ಅಲ್ಲಿ ಗೇಲಿ ಮಾಡಿದ್ದಾರೆ, ನಾಟಕವನ್ನು ಕಾವ್ಯವಾಗಿ ಓದಿ ಅನ್ನುತ್ತಾರೆ. ಪರೀಕ್ಷೆಯಲ್ಲಿ ನಾನು ಅವರ ಮಾತನ್ನೇ ಬರೆದೆ, ಮಾರ್ಕ್ಸೂ ಬಂತು. ಆದರೂ ಈ ವಿಷಯದಲ್ಲಿ ನಾನು ಅಜ್ಜಿ ಕಡೆ.

ಕಾದಂಬರಿ ಎಲ್ಲಿಂದ ಶುರು ಮಾಡಲಿ ಅಂತ ಕೇಳುತ್ತಾರೆ. ಹಾಸನದವರಾದರೆ ರಾಜಾ ರಾವ್ ಅವರ ‘ಕಾಂತಾಪುರ’ದಿಂದ ಶುರು ಮಾಡಿ. ಅವರು 1908ರಲ್ಲಿ ಹುಟ್ಟಿದ್ದು ಇದೇ ಹಾಸನದಲ್ಲಿ, ಕಾದಂಬರಿ ಬಂದಿದ್ದು 1938ರಲ್ಲಿ. ಗಾಂಧಿ ಚಳವಳಿ ಹಳ್ಳಿಗೆ ಬಂದ ಕಥೆಯನ್ನು ಅಚ್ಚಕ್ಕ ಅನ್ನುವ ಅಜ್ಜಿ ಹೇಳುತ್ತಾರೆ. ಊರಮ್ಮ ಕೆಂಚಮ್ಮ, ಹೊಳೆ ಹಿಮಾವತಿ, ಬೆಟ್ಟದ ಮೇಲೆ ಬಿಳಿ ದೊರೆಯ ಕಾಫಿ ಎಸ್ಟೇಟು. ಕೆಂಚಮ್ಮನ ಹೊಸಕೋಟೆ ನಮ್ಮ ತಾಲ್ಲೂಕಿನದೇ, ಕಾದಂಬರಿಯಲ್ಲಿ ಹಿಮಾವತಿ ಆಗಿರುವ ಹೇಮಾವತಿಯೂ ನಮ್ಮದೇ. ಮೊದಲ ಪುಟದಲ್ಲೇ ನನಗೆ ಮೈ ಜುಂ ಅಂದಿತು. ಅಲ್ಲಿ ಮೂಲೆಮನೆ ಮೂರ್ತಿ ಇದ್ದಾನೆ, ಮೂಗು ಕೆರೆಯುವ ನಂಜಮ್ಮ ಇದ್ದಾಳೆ. ಇಂಗ್ಲಿಷಿನಲ್ಲಿ ಹಾಗೇ ಅಡ್ಡಹೆಸರಿಟ್ಟು ಕರೆದಿದ್ದಾರೆ. ವಾಕ್ಯಗಳು ‘ಆಮೇಲೆ, ಆಮೇಲೆ’ ಅಂತ ಉಸಿರು ಬಿಡದೆ ಓಡುತ್ತವೆ. ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಹೆಂಗಸರು ಮಾತಾಡುವ ಹಾಗೆ. ಮುನ್ನುಡಿ ಬಿಡಬೇಡಿ. ತನ್ನದಲ್ಲದ ಭಾಷೆಯಲ್ಲಿ ತನ್ನದೇ ಜೀವಭಾವ ಹೇಳುವ ಕಷ್ಟದ ಬಗ್ಗೆ ಅವರು ಬರೆದಿರುವುದು ಅಲ್ಲೇ.

ಗೈಡುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊಳ್ಳಿ, ಆದರೆ ಮೂಲ ಒಮ್ಮೆ ಓದಿದ ಮೇಲೆ ತೆರೆಯಿರಿ. ಉತ್ತರದ ಮೊದಲ ಪುಟವನ್ನೆಲ್ಲ ಕವಿಯ ಹುಟ್ಟೂರು, ಮದುವೆ ಅಂತ ತುಂಬಿಸಬೇಡಿ. ಎರಡು ಸಾಲು ಎತ್ತಿಕೊಂಡು, ಆ ಪದವೇ ಯಾಕೆ ಅಂತ ಹೇಳಿ. ಪಾಯಿಂಟುಗಳನ್ನು ಕೊನೆ ಹಾಳೆಯಲ್ಲಿ ಕನ್ನಡದಲ್ಲಿ ಗೀಚಿಕೊಂಡರೆ ಯಾರೂ ಬೈಯುವುದಿಲ್ಲ. ಕಥೆಯನ್ನು ವರ್ತಮಾನ ಕಾಲದಲ್ಲಿ ಬರೆಯಿರಿ. ಮ್ಯಾಕ್‌ಬೆತ್ ರಾಜನನ್ನು ‘ಕೊಂದನು’ ಅಲ್ಲ, ‘ಕೊಲ್ಲುತ್ತಾನೆ’. ಇಂಗ್ಲಿಷ್ ವಿಮರ್ಶೆಯ ರೂಢಿ ಅದು.

ಪುಸ್ತಕಕ್ಕೆ ದುಡ್ಡಿಲ್ಲದಿದ್ದರೆ ಷೇಕ್ಸ್‌ಪಿಯರ್, ವರ್ಡ್ಸ್‌ವರ್ತ್, ಡಿಕನ್ಸ್ ಎಲ್ಲ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಮೊಬೈಲಿಗೆ ಇಳಿಸಿಕೊಂಡು ಬಸ್ಸಿನಲ್ಲೇ ಓದಬಹುದು. ‘ಕಾಂತಾಪುರ’ ಹಾಗೆ ಸಿಗುವುದಿಲ್ಲ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ, ರಾಜಾ ರಾವ್ ತೀರಿಕೊಂಡಿದ್ದು 2006ರಲ್ಲಿ. ಅದನ್ನು ಕೊಳ್ಳಲೇಬೇಕು. ನನ್ನ ಪ್ರತಿ ಕೇಳಬೇಡಿ. ಹೋದ ವರ್ಷ ಒಬ್ಬಳು ‘ಎರಡೇ ದಿನ ಮೇಡಂ’ ಅಂತ ಒಯ್ದವಳು ಇನ್ನೂ ತಂದುಕೊಟ್ಟಿಲ್ಲ.