ಅಸಿಸ್ಟೆಂಟ್ ಕೋಚ್ ಆಗಬೇಕಾ? ಮೊದಲು ಪೆನ್ನು ಹಿಡಿಯಿರಿ

ಹಾಕಿಗೆ ಹೆಸರಾದ ಕೊಡಗಿನಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಅಂದರೆ ಜನ ಒಂಥರಾ ನೋಡುತ್ತಾರೆ. ನಾನು ವಿರಾಜಪೇಟೆಯವಳು, ಕಾಲೇಜು ಹುಡುಗಿಯರ ಟೀಮಿಗೆ ಅಸಿಸ್ಟೆಂಟ್ ಕೋಚ್. ಆಟ ಬಿಟ್ಟ ಮರುವರ್ಷ ಸ್ಕೋರ್‌ಶೀಟ್ ಬರೆಯಲು ಕೂತೆ. ನೀವೂ ಅಲ್ಲಿಂದಲೇ ಶುರು ಮಾಡಿ. ಯಾರಿಗೆ 4 ಫೌಲ್ ಆಗಿದೆ ಅಂತ ಹೆಡ್ ಕೋಚ್‌ಗೆ ಸಮಯಕ್ಕೆ ಸರಿಯಾಗಿ ಹೇಳುವುದೇ ನಮ್ಮ ದೊಡ್ಡ ಕೆಲಸ. ಐದನೆಯದಕ್ಕೆ ಆಟಗಾರ್ತಿ ಹೊರಗೆ. ಒಮ್ಮೆ ನಾನು ಮರೆತೆ. ನಮ್ಮ ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ಆಡುವ ಹುಡುಗಿ, ಮೂರನೇ ಕ್ವಾರ್ಟರ್‌ನಲ್ಲೇ ಬೆಂಚಿಗೆ ಬಂದು ಕೂತಳು. ಆ ಮುಖ ಇನ್ನೂ ಕಣ್ಣ ಮುಂದಿದೆ.

ಚೆಂಡು 6ನೇ ಸೈಜಿನದೇ ಇರಲಿ. ಸ್ಟೋರಿನಲ್ಲಿ ಸಿಕ್ಕಿತು ಅಂತ ಸುಮ್ನೆ ಹುಡುಗರ 7ನೇ ಸೈಜು ಕೊಡಬೇಡಿ, ಶಾಟಿನ ಅಂದಾಜು ಕೆಡುತ್ತದೆ. ಜುಲೈ ಮಳೆಗೆ ಕೋರ್ಟ್ ಪಾಚಿ ಕಟ್ಟುತ್ತದೆ, ಜಾರಿದರೆ ಮೊಣಕಾಲು ಹೋಯಿತು. ಆಗ ವರಾಂಡದಲ್ಲೇ ಡ್ರಿಬ್ಲಿಂಗ್, ಡಿಫೆನ್ಸ್ ಸ್ಟಾನ್ಸ್ (ಎದುರಾಳಿಯನ್ನು ತಡೆಯುವಾಗ ಮೊಣಕಾಲು ಬಗ್ಗಿಸಿ ನಿಲ್ಲುವ ಭಂಗಿ) ಮಾಡಿಸಿ.

ಓದಿನ ವಿಷಯ: ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್. 2 ವರ್ಷ. ಕೋಚ್‌ಗಳಿಗೆ ತರಬೇತಿ ಕೊಡುವ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ 6 ವಾರದ ಸರ್ಟಿಫಿಕೇಟ್ ಕೋರ್ಸ್ ಮೊದಲು, ಡಿಪ್ಲೊಮಾ ಆಮೇಲೆ. ಮುಂದೆ ದೈಹಿಕ ಶಿಕ್ಷಣ ನಿರ್ದೇಶಕಿ ಆಗುವ ಆಸೆಯಿದ್ದರೆ ಸ್ನಾತಕೋತ್ತರ ಪದವಿ ಎಂ.ಪಿ.ಎಡ್. ಜೊತೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿ. ಸಂಬಳ? ಶುರುವಿನಲ್ಲಿ "ಇದಕ್ಕಿಂತ ಕಾಫಿ ಕುಯ್ಲಿನ ಕೂಲಿಯೇ ಜಾಸ್ತಿ ಅಲ್ವಾ" ಅಂತ ಅಮ್ಮ ರೇಗಿಸುತ್ತಿದ್ದರು.